ಬಾಯಿಮಾತು ಮತ್ತು ಬರಹ: ಬೆಳ್ವೊಲ ನಾಡಿನ ವ್ಯಾಪಾರದ ಒಂದು ಪಾಠ

ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಗಳ ಪೇಟೆಗಳಲ್ಲಿ ‘ಗೆಳೆಯರ ನಡುವೆ ಕಾಗದವೇಕೆ?’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಹಿಂದಿನವರು ಬಾಯಿಮಾತಿನ ಮೇಲೆಯೇ ಹತ್ತಿ, ಕಡಲೆ, ಮೆಣಸಿನಕಾಯಿಗಳ ದೊಡ್ಡ ವ್ಯಾಪಾರ ನಡೆಸಿದರು, ಆದುದರಿಂದ ಗೆಳೆಯನಿಂದ ಬರಹವನ್ನು ಕೇಳುವುದು ಅವನನ್ನು ಸಂಶಯಿಸಿದಂತೆ ಎಂಬುದು ಈ ಮಾತಿನ ಹಿಂದಿರುವ ಭಾವನೆ. ಈ ಭಾವನೆಯಲ್ಲಿ ಅರ್ಧದಷ್ಟು ಮಾತ್ರ ಸತ್ಯವಿದೆ. ಹಿರಿಯರು ಕೊಟ್ಟ ಮಾತಿಗೆ ಬೆಲೆ ಕೊಡುತ್ತಿದ್ದರು ಎಂಬುದು ನಿಜ. ಆದರೆ ಅವರು ಬರಹವಿಲ್ಲದೆ ವ್ಯವಹರಿಸುತ್ತಿದ್ದರು ಎಂಬುದನ್ನು ಈ ನಾಡಿನ ಇತಿಹಾಸ ಒಪ್ಪುವುದಿಲ್ಲ. ಈ ತಪ್ಪು ತಿಳಿವಳಿಕೆಯಿಂದ ಎಷ್ಟೋ ಮನೆತನಗಳ ಹಣವೂ ಸ್ನೇಹವೂ ಒಟ್ಟಿಗೆ ಹಾಳಾಗುತ್ತಿರುವುದರಿಂದ ಇದನ್ನು ಸ್ವಲ್ಪ ಮೊದಲಿನಿಂದಲೇ ವಿಚಾರಿಸುವುದು ಉಚಿತ.

ಕಲ್ಲಿನ ಮೇಲಿನ ಕರಾರು

ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿತ್ತು. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಭಾವಮೈದುನನಾದ ಗಂಗ ಬೂತುಗನು ಅಲ್ಲಿ ಗಂಗಪೆರ್ಮಾಡಿ ಜಿನಾಲಯವನ್ನು ಕಟ್ಟಿಸಿ ಅದಕ್ಕೆ ಗ್ರಾಮಗಳನ್ನು ದತ್ತಿಯಾಗಿ ಬಿಟ್ಟನು. ಹನ್ನೊಂದನೆಯ ಶತಮಾನದಲ್ಲಿ ಚೋಳರ ದಾಳಿಗೆ ಸಿಕ್ಕಿ ಬೆಳ್ವೊಲದ ಬಸದಿಗಳು ಸುಟ್ಟುಹೋದವು. ಅನಂತರ 1071-72ರ ಸುಮಾರಿಗೆ, ಎರಡನೆಯ ಸೋಮೇಶ್ವರನ ಕಾಲದಲ್ಲಿ, ಈ ಪ್ರಾಂತವನ್ನು ಆಳುತ್ತಿದ್ದ ಲಕ್ಷ್ಮರಸನು ಜಿನಾಲಯವನ್ನು ಜೀರ್ಣೋದ್ಧಾರಗೊಳಿಸಿ ಹಳೆಯ ದತ್ತಿಯನ್ನು ಪುನಃ ಸ್ಥಾಪಿಸಿದನು. ಗಾವರವಾಡದ ಶಾಸನವು ಈ ಇಡೀ ವೃತ್ತಾಂತವನ್ನು ಹೇಳುತ್ತದೆ.

ಬೂತುಗನ ಕಾಲದಿಂದ ಲಕ್ಷ್ಮರಸನ ಕಾಲದವರೆಗೆ ನೂರಕ್ಕೂ ಹೆಚ್ಚು ವರ್ಷಗಳು ಕಳೆದಿದ್ದವು. ದತ್ತಿ ಕೊಟ್ಟವನು ಇರಲಿಲ್ಲ, ಪಡೆದ ಆಚಾರ್ಯರೂ ಇರಲಿಲ್ಲ. ಕೊಡುವ ದಿನ ಅವರಿಬ್ಬರ ನಡುವೆ ಅವಿಶ್ವಾಸದ ಲೇಶವೂ ಇರಲು ಸಾಧ್ಯವಿಲ್ಲ. ಆದರೂ ಆ ಕಾಲದ ಪದ್ಧತಿಯಂತೆ ದತ್ತಿಗಳನ್ನು ಬರೆದಿಡುತ್ತಿದ್ದರು. ಶಕವರ್ಷ 824ರ, ಎಂದರೆ ಕ್ರಿ.ಶ. 902-03ರ ಮುಳಗುಂದದ ಶಾಸನವೂ ಇಂಥದೇ. ಅಲ್ಲಿ ಜಿನಾಲಯವನ್ನು ಕಟ್ಟಿಸಿದವನು ಅರಸನಲ್ಲ, ಚಿಕಾರ್ಯನೆಂಬ ವೈಶ್ಯ. ಶಾಸನಗಳಲ್ಲಿ ದಾನಿಯ ಹೆಸರು, ಪಡೆದವರ ಹೆಸರು, ಕಾಲ, ಭೂಮಿಯ ಅಳತೆ, ಎಲ್ಲೆ ಇವುಗಳನ್ನು ಹೇಳುವ ಕ್ರಮವಿದೆ. ಇಂದಿನ ಕರಾರು ಪತ್ರದಲ್ಲಿ ವಕೀಲರು ಬರೆಸುವ ಅಂಶಗಳೂ ಬಹುಮಟ್ಟಿಗೆ ಇವೇ. ಶಾಸನವನ್ನು ಕೆತ್ತಿಸಿದ್ದು ಕೊಟ್ಟವನನ್ನೂ ಪಡೆದವನನ್ನೂ ಕಟ್ಟಿಹಾಕುವುದಕ್ಕಿಂತ ಹೆಚ್ಚಾಗಿ ಅವರ ಅನಂತರ ಬರುವವರಿಗೆ ತಿಳಿಯಲೆಂದು. ಬರಹದ ಈ ಮೂಲ ಪ್ರಯೋಜನವನ್ನು ಮರೆತಾಗ ಮಾತ್ರ ಅದು ಸಂಶಯದ ಗುರುತಾಗಿ ಕಾಣುತ್ತದೆ.

ಶ್ರಾವಕಾಚಾರದ ದೃಷ್ಟಿ

ಧರ್ಮಗ್ರಂಥಗಳೂ ಇದನ್ನೇ ಇನ್ನಷ್ಟು ಸೂಕ್ಷ್ಮವಾಗಿ ಕಂಡಿವೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸಲಾಗಿದೆ. ಅವುಗಳಲ್ಲಿ ಎರಡು ನೇರವಾಗಿ ವ್ಯಾಪಾರಕ್ಕೆ ಸಂಬಂಧಿಸಿವೆ: ಕೂಟಲೇಖಕ್ರಿಯೆ ಮತ್ತು ನ್ಯಾಸಾಪಹಾರ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ಎರಡು ದೋಷಗಳು ಬರುತ್ತವೆ. ಕೂಟಲೇಖವೆಂದರೆ ಸುಳ್ಳು ಪತ್ರವನ್ನು ಸೃಷ್ಟಿಸುವುದು. ದೋಷವನ್ನು ಹೇಳಿರುವುದು ಸುಳ್ಳು ಲೇಖಕ್ಕೆ, ಲೇಖಕ್ಕಲ್ಲ.

ನ್ಯಾಸಾಪಹಾರದ ವಿವರಣೆ ಇನ್ನೂ ಮನನೀಯವಾಗಿದೆ. ನ್ಯಾಸವೆಂದರೆ ಒಬ್ಬರು ನಂಬಿ ಇನ್ನೊಬ್ಬರಲ್ಲಿ ಇಟ್ಟ ಒಡವೆ ಅಥವಾ ಹಣ. ಪೂಜ್ಯಪಾದರ ಸರ್ವಾರ್ಥಸಿದ್ಧಿಯ ವ್ಯಾಖ್ಯಾನದಂತೆ, ಇಟ್ಟವನು ತಾನು ಇಟ್ಟ ಲೆಕ್ಕವನ್ನು ಮರೆತು ಕಡಿಮೆ ಕೇಳಿದಾಗ, ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಒಪ್ಪಿಬಿಡುವುದು ಈ ದೋಷ. ಇಲ್ಲಿ ಬಲಾತ್ಕಾರವಿಲ್ಲ. ಕದ್ದದ್ದೂ ಇಲ್ಲ. ಗೆಳೆಯನ ಮರೆವಿನ ಮುಂದೆ ಸುಮ್ಮನಿದ್ದುದೇ ವ್ರತಕ್ಕೆ ಕಳಂಕವಾಯಿತು. ಬರಹವಿದ್ದಲ್ಲಿ ಈ ಪ್ರಲೋಭನೆ ಹುಟ್ಟುವುದೇ ಇಲ್ಲ. ಆದುದರಿಂದ ಲೆಕ್ಕವನ್ನು ಬರೆದುಕೊಡುವುದು ಇಟ್ಟವನ ಹಣಕ್ಕೆ ರಕ್ಷಣೆಯಾದಂತೆ ಇಟ್ಟುಕೊಂಡವನ ವ್ರತಕ್ಕೂ ರಕ್ಷಣೆ.

ಆಗ್ರಾದ ಜೈನ ವ್ಯಾಪಾರಿಯೂ ಕವಿಯೂ ಆದ ಬನಾರಸೀದಾಸನು 1641ರಲ್ಲಿ ಬರೆದ ಆತ್ಮಕಥೆ ಅರ್ಧಕಥಾನಕದಲ್ಲಿ ತನ್ನ ಪಾಲುದಾರಿಕೆಗಳನ್ನೂ ಲಾಭನಷ್ಟಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ. ದೊಡ್ಡ ಸಾಹುಕಾರನೊಬ್ಬನಿಂದ ಲೆಕ್ಕ ತೀರಿಸಿಕೊಳ್ಳಲು ದಿನಗಟ್ಟಲೆ ಅಲೆದುದೂ ಅದರಲ್ಲಿದೆ. ಸ್ನೇಹವನ್ನು ಹೃದಯದಲ್ಲಿಟ್ಟುಕೊಂಡ ಆ ಶ್ರಾವಕನು ಲೆಕ್ಕವನ್ನು ಮಾತ್ರ ಹೃದಯಕ್ಕೆ ಬಿಡಲಿಲ್ಲ.

ಹತ್ತಿಯ ಕಾಲ

ಧಾರವಾಡ ಸೀಮೆಯ ಕಪ್ಪು ನೆಲಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಪರೀಕ್ಷೆ ಬಂದಿತು. 1840ರ ದಶಕದಲ್ಲಿ ಇಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಬೆಳೆಯಲು ತೊಡಗಿದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಧಾರವಾಡದ ಹತ್ತಿಗೆ ಕಂಡರಿಯದ ಬೆಲೆ ಬಂದಿತು. ರೈಲು ಬರುವ ಮೊದಲು ಈ ಅರಳೆ ಘಟ್ಟವನ್ನಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಹೊಲದಿಂದ ಹಡಗಿನವರೆಗೆ ಹಲವು ಕೈಗಳು, ಪ್ರತಿಯೊಂದು ಕೈಯಲ್ಲಿಯೂ ಒಂದು ಬಾಯಿಮಾತು. ಬೆಲೆ ಏರಿದಂತೆ ಅರಳೆಯಲ್ಲಿ ಬೀಜ, ಕಸ, ಕೀಳು ಜಾತಿಯ ಹತ್ತಿ ಬೆರೆಯತೊಡಗಿದವು. ದೂರುಗಳು ಹೆಚ್ಚಿ, ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ಮೋಸವನ್ನು ತಡೆಯಲೆಂದೇ ಒಂದು ಕಾಯಿದೆ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಬೆಲೆ ಸ್ಥಿರವಾಗಿದ್ದಾಗ ಮಾತು ನಿಲ್ಲುತ್ತದೆ. ಅದು ಒಮ್ಮೆಲೇ ಏರಿದಾಗ ಅಥವಾ ಇಳಿದಾಗ ಅದೇ ಮಾತನ್ನು ಇಬ್ಬರು ಗೆಳೆಯರು ಎರಡು ರೀತಿಯಲ್ಲಿ ನೆನೆಯುತ್ತಾರೆ. ಅವರಲ್ಲಿ ಒಬ್ಬನು ಸುಳ್ಳುಗಾರನಾಗಿರಬೇಕೆಂದೇನೂ ಇಲ್ಲ.

ಈ ಕಾಲದ ಪೇಟೆಯೂ ಬರಹವಿಲ್ಲದ ಪೇಟೆಯಾಗಿರಲಿಲ್ಲ. ಅಡತಿ ಅಂಗಡಿಯಲ್ಲಿ ದಿನದ ಕಿರ್ದಿ ಇತ್ತು, ಖಾತೆ ಇತ್ತು, ಹುಂಡಿ ಇತ್ತು, ತೂಕದ ಚೀಟಿ ಇತ್ತು. ಇವುಗಳ ಜೊತೆಗೆ ದಲಾಲ, ತೂಕದವ, ಗುಮಾಸ್ತ, ಹಮಾಲ ಹೀಗೆ ನಾಲ್ಕೈದು ಜನರ ಕಣ್ಣೆದುರಿಗೆ ವ್ಯವಹಾರ ನಡೆಯುತ್ತಿತ್ತು. ಬಾಯಿಮಾತು ಎಂದು ಇಂದು ಕೊಂಡಾಡುವ ಪದ್ಧತಿಯು ವಾಸ್ತವವಾಗಿ ಬರಹ ಮತ್ತು ಸಾಕ್ಷಿಗಳ ನಡುವೆ ನಿಂತ ಮಾತು. ಆ ಸಾಕ್ಷಿಗಳ ಬಳಗ ಕರಗಿಹೋಗಿದೆ. ವ್ಯವಹಾರವು ಇಬ್ಬರ ನಡುವಿನ ಫೋನಿನ ಮಾತಿಗೆ ಇಳಿದಿದೆ. ಉಳಿದಿರುವುದು ‘ಕಾಗದವೇಕೆ’ ಎಂಬ ಅಭಿಮಾನ ಮಾತ್ರ.

ಕುಂದಗೋಳದ ಸಂಗತಿ ಇನ್ನೊಂದು ಬಗೆಯದು. ಹುಬ್ಬಳ್ಳಿಗೆ ಇಷ್ಟು ಸಮೀಪದಲ್ಲಿದ್ದರೂ ಅದು 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹುಬ್ಬಳ್ಳಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಎರಡು ಊರುಗಳ ಗೆಳೆಯರು ಕೂಡಿ ವ್ಯಾಪಾರ ಮಾಡಿದರೆ, ಮಾತು ಎಲ್ಲಿ ಆಯಿತು, ಹಣ ಎಲ್ಲಿ ಸಲ್ಲಬೇಕಾಗಿತ್ತು, ಯಾವ ರಾಜ್ಯದ ನ್ಯಾಯಾಲಯಕ್ಕೆ ಹೋಗಬೇಕು ಎಂಬ ಪ್ರಶ್ನೆಗಳು ಮೊದಲು ಏಳುವಂಥ ಸ್ಥಿತಿ ಇತ್ತು. ಬರಹದಲ್ಲಿ ಒಂದು ಸಾಲು ಇದ್ದರೆ ಮುಗಿಯುವ ಪ್ರಶ್ನೆ ಇದು.

ಆದರೆ ಬರಹವೊಂದೇ ಸಾಲದು ಎಂಬುದಕ್ಕೂ ಆ ಕಾಲವೇ ಸಾಕ್ಷಿ. 1875ರಲ್ಲಿ ಪುಣೆ ಜಿಲ್ಲೆಯ ಸುಪೆ ಮೊದಲಾದ ಊರುಗಳಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಹುಡುಕಿ ಸುಟ್ಟರು. ಅಲ್ಲಿ ಪತ್ರಗಳಿದ್ದವು, ಆದರೆ ಅವು ಒಂದು ಕಡೆಯವರ ಪೆಟ್ಟಿಗೆಯಲ್ಲಿದ್ದವು, ಸಹಿ ಮಾಡಿದವನಿಗೆ ಓದಲು ಬರುತ್ತಿರಲಿಲ್ಲ. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಸಾಲ ತೀರಿಸಿದವನಿಗೆ ಪಾವತಿ ಮತ್ತು ವರ್ಷದ ಲೆಕ್ಕ ಪಡೆಯುವ ಹಕ್ಕನ್ನು ಕೊಟ್ಟಿತು. ಎರಡೂ ಕಡೆಯವರು ಓದಿ ತಿಳಿದು, ಎರಡೂ ಕಡೆಯವರ ಬಳಿ ಪ್ರತಿ ಇರುವ ಬರಹವೇ ನ್ಯಾಯದ ಬರಹ.

ಇದಕ್ಕೆ ಒಳ್ಳೆಯ ಮಾದರಿ ಈ ಸೀಮೆಯಲ್ಲಿಯೇ ಹುಟ್ಟಿತು. 1905ರಲ್ಲಿ, ಅಂದಿನ ಧಾರವಾಡ ಜಿಲ್ಲೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ನೋಂದಣಿಯಾಯಿತು. ಒಂದೇ ಊರಿನವರು, ಒಬ್ಬರನ್ನೊಬ್ಬರು ಬಾಲ್ಯದಿಂದ ಬಲ್ಲವರು. ಆದರೂ ಸಹಕಾರಿ ಕಾಯಿದೆಯಂತೆ ಸದಸ್ಯತ್ವ, ಪಾಲು, ಸಾಲದ ನಿಯಮ ಎಲ್ಲವೂ ಬರಹದಲ್ಲಿದ್ದವು. ಪರಿಚಯವು ಬರಹಕ್ಕೆ ಬದಲಿಯಾಗದೆ ಅದಕ್ಕೆ ಆಧಾರವಾಯಿತು.

ಕಾನೂನು ಏನು ಹೇಳುತ್ತದೆ

1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ, ಬರಹವೇ ಬೇಕೆಂದು ಕಾನೂನು ವಿಧಿಸಿರುವ ಕೆಲವು ಸಂದರ್ಭಗಳನ್ನು ಬಿಟ್ಟರೆ, ಬಾಯಿಮಾತಿನ ಕರಾರೂ ಕರಾರೇ. ಅದು ಅಸಿಂಧುವಲ್ಲ. ತೊಡಕಿರುವುದು ಅದನ್ನು ಸಿದ್ಧಪಡಿಸುವಲ್ಲಿ, ಹಾಗೂ ಮಾತು ಮೌನವಾಗಿದ್ದ ಕಡೆ ಕಾನೂನು ತಾನೇ ಮಾತನಾಡುವಲ್ಲಿ. ಒಂದು ಕಲ್ಪಿತ ನಿದರ್ಶನದಿಂದ ಇದನ್ನು ತಿಳಿಯಬಹುದು.

ಅಣ್ಣಿಗೇರಿಯ ಒಬ್ಬ ವ್ಯಾಪಾರಿ ಹಾಗೂ ನವಲಗುಂದದ ಅವನ ಗೆಳೆಯ ಕೂಡಿ ಕಡಲೆ, ಹತ್ತಿಗಳ ವ್ಯಾಪಾರ ಆರಂಭಿಸಿದರೆನ್ನೋಣ. ಮೊದಲನೆಯವನು 6 ಲಕ್ಷ ರೂಪಾಯಿ ಹಾಕಿದ. ಎರಡನೆಯವನು 2 ಲಕ್ಷ ಹಾಕಿ ಹಳ್ಳಿ ಹಳ್ಳಿ ತಿರುಗಿ ಖರೀದಿಯ ಶ್ರಮವನ್ನೂ ವಹಿಸಿಕೊಂಡ. ಕಾಗದವಿಲ್ಲ. ಹಣ ಹಾಕಿದ ಪ್ರಮಾಣದಲ್ಲಿ, ಎಂದರೆ ಮೂರಕ್ಕೆ ಒಂದರಂತೆ, ಪಾಲು ಎಂದು ಮೊದಲನೆಯವನ ತಿಳಿವಳಿಕೆ. ಶ್ರಮಕ್ಕೆ ಬೇರೆ ಸಂಬಳ ಸಿಗುವುದೆಂದು ಎರಡನೆಯವನ ತಿಳಿವಳಿಕೆ. ಕಡಲೆಯ ಧಾರಣೆ ಬಿದ್ದು 1 ಲಕ್ಷ 60 ಸಾವಿರ ನಷ್ಟವಾಯಿತು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ 13ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ ಲಾಭನಷ್ಟಗಳು ಸಮಪಾಲು. ದುಡಿದ ಪಾಲುದಾರನಿಗೆ ಸಂಬಳದ ಹಕ್ಕಿಲ್ಲ. 40 ಸಾವಿರ ತನ್ನ ಪಾಲೆಂದುಕೊಂಡಿದ್ದ ಗೆಳೆಯನ ತಲೆಗೆ 80 ಸಾವಿರ ಬಂದಿತು. ಇಬ್ಬರ ಮನಸ್ಸಿನಲ್ಲಿದ್ದುದೂ ನಡೆಯಲಿಲ್ಲ. ಇಬ್ಬರೂ ಒಪ್ಪಿರದ ಮೂರನೆಯ ನಿಯಮ ನಡೆಯಿತು.

ಅಷ್ಟರಲ್ಲಿ ಹುಬ್ಬಳ್ಳಿಯ ಖರೀದಿದಾರನಿಂದ 3 ಲಕ್ಷ ಬರಬೇಕಾಗಿದ್ದು ಅವನು ಕೊಡಲಿಲ್ಲ. ನೋಂದಣಿಯಾಗದ ಪಾಲುದಾರಿಕೆಯು ಕರಾರಿನಿಂದ ಹುಟ್ಟಿದ ಹಕ್ಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ ಎಂದು ಅದೇ ಕಾಯಿದೆಯ 69ನೆಯ ಕಲಮು ಹೇಳುತ್ತದೆ. ತಮ್ಮ ನಡುವೆ ಕಾಗದ ಬೇಡವೆಂದ ಗೆಳೆಯರು ತಿಳಿಯದೆಯೇ ತಮ್ಮ ಸಾಲಗಾರನಿಗೆ ಗುರಾಣಿಯನ್ನು ಕೊಟ್ಟಂತಾಯಿತು. ಆದರೆ ಹೊರಗಿನವರು ಇವರ ಮೇಲೆ ದಾವೆ ಹೂಡಲು ಅಡ್ಡಿಯಿಲ್ಲ, ಮತ್ತು 25ನೆಯ ಕಲಮಿನಂತೆ ಇಬ್ಬರಲ್ಲಿ ಪ್ರತಿಯೊಬ್ಬನೂ ಪೂರ್ಣ ಸಾಲಕ್ಕೆ ಹೊಣೆ. ಪಾಲುದಾರಿಕೆಯನ್ನು ಮುರಿದು ಲೆಕ್ಕ ಕೇಳುವ ದಾವೆಗೆ ಮಾತ್ರ ನೋಂದಣಿಯ ಅಡ್ಡಿಯಿಲ್ಲ. ಈ ಬಾಗಿಲನ್ನೂ ಮುಚ್ಚಿದ್ದ ಮಹಾರಾಷ್ಟ್ರದ ತಿದ್ದುಪಡಿಯನ್ನು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಸಂವಿಧಾನಬಾಹಿರವೆಂದು ತಳ್ಳಿಹಾಕಿತು.

ಇನ್ನು ಇಬ್ಬರಲ್ಲಿ ಒಬ್ಬನು ತೀರಿಕೊಂಡನೆಂದು ಭಾವಿಸೋಣ. ಇಬ್ಬರೇ ಇದ್ದ ಪಾಲುದಾರಿಕೆಯು ಒಬ್ಬನ ಮರಣದೊಡನೆ ಮುಗಿಯುತ್ತದೆ. ಮಗನು ತಾನಾಗಿಯೇ ತಂದೆಯ ಸ್ಥಾನಕ್ಕೆ ಬರುವುದಿಲ್ಲ. 1965ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವಿಭಕ್ತ ಕುಟುಂಬಗಳ ಕರ್ತರಿಬ್ಬರ ನಡುವಿನ ಪಾಲುದಾರಿಕೆಯ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಲೆಕ್ಕ ಕೇಳುವ ದಾವೆಗೆ ಅಂದಿನಿಂದ 3 ವರ್ಷಗಳ ಅವಧಿ. ದುಃಖದ ಮನೆಯಲ್ಲಿ ಹಣದ ಮಾತೇಕೆ ಎಂದು ಮೊದಲ ವರ್ಷ ಸರಿಯುತ್ತದೆ. ಹುಡುಗರ ಮದುವೆ ಮುಗಿಯಲಿ ಎಂದು ಎರಡನೆಯದು. ನಾಲ್ಕನೆಯ ವರ್ಷ ಕೇಳಲು ಹೋದಾಗ ಬಾಗಿಲು ಮುಚ್ಚಿರುತ್ತದೆ. ಅದಕ್ಕಿಂತ ದೊಡ್ಡ ನೋವು ಬೇರೆಯೇ ಇದೆ. ವಿಧವೆಯು ತನ್ನ ಪತಿ 6 ಲಕ್ಷ ಕೊಟ್ಟಿದ್ದರೆನ್ನುತ್ತಾಳೆ. ಬದುಕಿರುವ ಗೆಳೆಯನು ಅದರಲ್ಲಿ 2 ಲಕ್ಷ ಹಿಂದಿರುಗಿಸಿದ್ದೇನೆನ್ನುತ್ತಾನೆ. ಇಬ್ಬರೂ ಸತ್ಯವನ್ನೇ ಹೇಳುತ್ತಿರಬಹುದು. ಆದರೂ ಮುಂದಿನ ಪರ್ವದಲ್ಲಿ ಆ ಎರಡು ಮನೆಯವರು ಬಸದಿಯಲ್ಲಿ ಮುಖಕ್ಕೆ ಮುಖ ಕೊಟ್ಟು ನಿಲ್ಲಲಾರರು.

ಕೈಗಡಕ್ಕೂ ಇದೇ ಗಡಿಯಾರ. ‘ಅನುಕೂಲವಾದಾಗ ಕೊಡು, ಕೇಳಿದಾಗ ಕೊಡು’ ಎಂದು ಸ್ನೇಹದಿಂದ ಕೊಟ್ಟ ಸಾಲದ ಅವಧಿಯು ಕೇಳಿದ ದಿನದಿಂದ ಆರಂಭವಾಗುತ್ತದೆ ಎಂದು ಬಹುಜನರ ನಂಬಿಕೆ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಕೇಳಿದಾಗ ಕೊಡಬೇಕಾದ ಸಾಲಕ್ಕೂ 3 ವರ್ಷಗಳ ಅವಧಿ ಕೊಟ್ಟ ದಿನದಿಂದಲೇ ಓಡತೊಡಗುತ್ತದೆ. ಅವಧಿ ಮುಗಿಯುವ ಮೊದಲು ಸಾಲಗಾರನು ಬಾಕಿಯನ್ನು ಒಪ್ಪಿ ಬರೆದು ಸಹಿ ಮಾಡಿದರೆ 18ನೆಯ ಕಲಮಿನಂತೆ ಹೊಸ ಅವಧಿ ದೊರೆಯುತ್ತದೆ. ಬಾಯಿಯಿಂದ ಒಪ್ಪಿದರೆ ದೊರೆಯದು. ಇದರ ಜೊತೆಗೆ, 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆಯ ಕಾನೂನು ನಿಷೇಧಿಸಿದೆ. ಅದರ ದಂಡವು ಸಾಲದಷ್ಟೇ ಆಗಬಹುದು.

ಇಲ್ಲಿ ಶ್ರಾವಕನು ಗಮನಿಸಬೇಕಾದ ಒಂದು ಭೇದವಿದೆ. ಕಾಲಮಿತಿಯು ದಾವೆಯ ಹಕ್ಕನ್ನು ಮುಗಿಸುತ್ತದೆ, ಋಣವನ್ನು ಮುಗಿಸುವುದಿಲ್ಲ. ಅವಧಿ ಮೀರಿದ ಸಾಲವನ್ನು ಕೊಡುತ್ತೇನೆಂದು ಬರೆದು ಸಹಿ ಮಾಡಿದರೆ ಕರಾರು ಕಾಯಿದೆಯ 25ನೆಯ ಕಲಮು ಅದನ್ನು ಸಿಂಧುವೆಂದು ಒಪ್ಪುತ್ತದೆ. ಗೆಳೆಯನ ಹಣ ಅವಧಿ ಮೀರಿತೆಂದು ಉಸಿರುಬಿಡುವವನು ನ್ಯಾಯಾಲಯದಲ್ಲಿ ಗೆಲ್ಲಬಹುದು. ನ್ಯಾಸಾಪಹಾರದ ದೋಷದಿಂದ ಅವನು ಹೇಗೆ ಪಾರಾದಾನು?

ಕಿರ್ದಿ ಸಾಕಲ್ಲವೇ?

ಅಂಗಡಿಯ ಕಿರ್ದಿಯಲ್ಲಿ ಎಲ್ಲವೂ ಬರೆದಿದೆ, ಅದೇ ಸಾಕು ಎಂಬ ಸಮಾಧಾನವೂ ಪೂರ್ಣವಲ್ಲ. 1872ರ ಸಾಕ್ಷ್ಯ ಕಾಯಿದೆಯ 34ನೆಯ ಕಲಮು ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕವನ್ನು ಸಾಕ್ಷ್ಯವಾಗಿ ಸ್ವೀಕರಿಸಿತ್ತು. ಆದರೆ ಅದೊಂದರ ಆಧಾರದ ಮೇಲೆಯೇ ಇನ್ನೊಬ್ಬರ ಮೇಲೆ ಹೊಣೆ ಹೊರಿಸಲಾಗದೆಂದೂ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೆಯ ಕಲಮಿನಲ್ಲಿ ಅದೇ ನಿಯಮ ಮುಂದುವರಿದಿದೆ. ಬಿಡಿ ಹಾಳೆಗಳು ಲೆಕ್ಕದ ಪುಸ್ತಕವೆನಿಸಲಾರವೆಂದು 1998ರಲ್ಲಿ ವಿ.ಸಿ. ಶುಕ್ಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ತನ್ನ ಕಿರ್ದಿ ತನ್ನ ಮಾತು ಮಾತ್ರ. ಅದರ ಕೆಳಗೆ ಗೆಳೆಯನ ಸಹಿ ಬಿದ್ದಾಗ ಅದು ಇಬ್ಬರ ಮಾತಾಗುತ್ತದೆ.

ಸಮಾಜದ ಹಿರಿಯರು ಕೂಡಿ ಬಗೆಹರಿಸುತ್ತಾರೆ ಎಂಬ ಭರವಸೆಯೂ ಬರಹವನ್ನೇ ಅವಲಂಬಿಸಿದೆ. ಪಂಚರ ತೀರ್ಮಾನ ಒಳ್ಳೆಯ ಮಾರ್ಗ, ಸಂಶಯವಿಲ್ಲ. ಆದರೆ 1996ರ ಮಧ್ಯಸ್ಥಿಕೆ ಮತ್ತು ರಾಜಿ ಕಾಯಿದೆಯ 7ನೆಯ ಕಲಮಿನಂತೆ, ವ್ಯಾಜ್ಯವನ್ನು ಪಂಚರಿಗೆ ಒಪ್ಪಿಸುವ ಒಪ್ಪಂದ ಬರಹದಲ್ಲಿರಬೇಕು. ಹಾಗಿದ್ದಾಗ ಪಂಚರು ಬರೆದು ಸಹಿ ಮಾಡಿದ ತೀರ್ಪಿಗೆ ನ್ಯಾಯಾಲಯದ ಡಿಕ್ರಿಯ ಬಲ ಬರಬಲ್ಲದು.

ಬಸದಿಗಳ ವಿಶ್ವಸ್ತ ಮಂಡಳಿಗಳು ಇದನ್ನು ಇನ್ನೂ ಹೆಚ್ಚು ಲಕ್ಷ್ಯದಲ್ಲಿಡಬೇಕು. ಬಸದಿಯ ಹಣವನ್ನು ಪರಿಚಿತ ಶ್ರಾವಕನ ಅಂಗಡಿಯಲ್ಲಿ ಬಡ್ಡಿಗೆ ಇಡುವ ರೂಢಿ ಸದ್ಭಾವನೆಯದೇ ಇರಬಹುದು. ಧಾರವಾಡವು ಮುಂಬಯಿ ರಾಜ್ಯದಲ್ಲಿದ್ದಾಗಲೇ, 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯು ಅಂಥ ಹಣವನ್ನು ಬ್ಯಾಂಕು, ಅಂಚೆ ಉಳಿತಾಯ, ಸರಕಾರಿ ಸಾಲಪತ್ರ ಮುಂತಾದ ಕಡೆಗಳಲ್ಲಿಯೇ ಇಡಬೇಕೆಂದು ವಿಧಿಸಿತ್ತು. ಸ್ವಂತ ಹಣವನ್ನು ಸ್ನೇಹಕ್ಕಾಗಿ ಬಿಟ್ಟುಕೊಡುವ ಔದಾರ್ಯ ವಿಶ್ವಸ್ತರಿಗೆ ಇರಬಹುದು. ದೇವದ್ರವ್ಯದ ವಿಷಯದಲ್ಲಿ ಆ ಔದಾರ್ಯ ತೋರಿಸುವ ಅಧಿಕಾರ ಅವರಿಗಿಲ್ಲ.

ಬರೆಯಬೇಕಾದುದು ಎಷ್ಟು?

ಬರೆಯಬೇಕಾದುದು ಹೆಚ್ಚೇನೂ ಇಲ್ಲ. ಕೊಟ್ಟ ಹಣ ಸಾಲವೋ ಪಾಲೋ, ಯಾರು ಎಷ್ಟು ಹಾಕಿದರು, ಲಾಭ ಯಾವ ಪ್ರಮಾಣದಲ್ಲಿ, ನಷ್ಟ ಯಾವ ಪ್ರಮಾಣದಲ್ಲಿ, ದುಡಿಯುವವನಿಗೆ ಸಂಬಳವುಂಟೋ ಇಲ್ಲವೋ, ಬ್ಯಾಂಕಿನಲ್ಲಿ ಸಹಿ ಯಾರದು, ಬಿಡುವುದಾದರೆ ಹೇಗೆ, ಒಬ್ಬರು ತೀರಿಕೊಂಡರೆ ಅವರ ಮನೆಯವರಿಗೆ ಎಷ್ಟು ದಿನದೊಳಗೆ ಲೆಕ್ಕ, ವ್ಯಾಜ್ಯ ಬಂದರೆ ಪಂಚರು ಯಾರು. ಇಷ್ಟನ್ನು ತಕ್ಕ ಮುದ್ರಾಂಕದ ಕಾಗದದಲ್ಲಿ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ, ಪಾಲುದಾರಿಕೆಯಾಗಿದ್ದರೆ ನೋಂದಣಿ ಮಾಡಿಸಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಂಡರೆ ಮುಗಿಯಿತು. ಬಿಟ್ಟುಹೋಗುವವನು ಸಾರ್ವಜನಿಕ ಪ್ರಕಟಣೆ ಕೊಡದಿದ್ದರೆ ಅನಂತರದ ವ್ಯವಹಾರಕ್ಕೂ ಹೊಣೆಯಾಗುವ ಸಂಭವವಿದೆ ಎಂಬುದನ್ನೂ ಮರೆಯಬಾರದು.

ಇದಕ್ಕೆ ಸರಿಯಾದ ದಿನವನ್ನೂ ಪರಂಪರೆಯೇ ಗೊತ್ತುಮಾಡಿದೆ. ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದ ಪರ್ವ. ಅದರ ಮರುದಿನ ವೀರನಿರ್ವಾಣ ಸಂವತ್ಸರದ ಹೊಸ ವರ್ಷ ಆರಂಭವಾಗುತ್ತದೆ. ಅಂಗಡಿಗಳಲ್ಲಿ ಹೊಸ ಕಿರ್ದಿಗೆ ಪೂಜೆ ಸಲ್ಲುವುದೂ ಇದೇ ಹಬ್ಬದಲ್ಲಿ. ಪೂಜೆ ಮುಗಿದ ಮೇಲೆ, ಪ್ರಸಾದ ಹಂಚುವ ಮೊದಲು, ಪಾಲುದಾರ ಗೆಳೆಯರು ಹಳೆಯ ಪುಸ್ತಕದ ಬಾಕಿಯನ್ನು ಒಟ್ಟಿಗೆ ಓದಿ ಕೆಳಗೆ ತಾರೀಖಿನೊಡನೆ ಸಹಿ ಮಾಡುವುದನ್ನು ಪ್ರತಿ ಮನೆತನವೂ ನಿಯಮವಾಗಿ ಇಟ್ಟುಕೊಳ್ಳಬಹುದು. ಕಾಲಮಿತಿಯ ಕಾಯಿದೆಗೆ ಬೇಕಾದ ಒಪ್ಪಿಗೆಯೂ ಅದರಿಂದ ದೊರೆಯುತ್ತದೆ. ಎಲ್ಲರೂ ಮಾಡುವ ನಿಯಮವಾದಾಗ ಯಾರೂ ಯಾರನ್ನೂ ಸಂಶಯಿಸಿದಂತಾಗುವುದಿಲ್ಲ. ಬರಹ ಕೇಳಲು ಸಂಕೋಚಪಡುವವನು ಗೆಳೆಯನ ಎದುರಿಗೆ ಪುಸ್ತಕವನ್ನು ಇಟ್ಟು, ಮೊದಲ ಸಹಿಯನ್ನು ತಾನೇ ಮಾಡಲಿ.